ಠಾಣೆಯ ಸ್ಪೀಕರ್‌ನಲ್ಲಿ ಗುಂಯ್, ಸುಂಯ್, ಧಡ್, ಟಪ್: ಅಗ್ನಿಶಾಮಕ ರೇಡಿಯೋ ಅಲರ್ಟ್ ವ್ಯವಸ್ಥೆಯ ರಿಪೇರಿ ದಾಖಲೆ

ಅಮೆರಿಕದ ಸಣ್ಣ ಪಟ್ಟಣಗಳ ಎಷ್ಟೋ ಅಗ್ನಿಶಾಮಕ ಠಾಣೆಗಳಿಗೆ ಕರೆ ಬರುವುದು ಇವತ್ತಿಗೂ ಎರಡು ಟೋನ್‌ಗಳ ಮೂಲಕ. ತುರ್ತು ಕರೆಗಳನ್ನು ಠಾಣೆಗಳಿಗೆ ಹಂಚುವ ಡಿಸ್ಪ್ಯಾಚ್ ಕೇಂದ್ರ ಮೊದಲ ಟೋನನ್ನು 1 ಸೆಕೆಂಡ್, ಅದರ ಬೆನ್ನಿಗೇ ಎರಡನೆಯದನ್ನು 3 ಸೆಕೆಂಡ್ ಕಳಿಸುತ್ತದೆ. ಮೊಟೊರೋಲಾದ ಕ್ವಿಕ್ ಕಾಲ್ 2 ಪದ್ಧತಿ ಇದು. ಠಾಣೆಯ ವಿಎಚ್‌ಎಫ್ ರಿಸೀವರ್‌ಗೆ ಜೋಡಿಸಿದ ಡಿಕೋಡರ್ ತನ್ನ ಟೋನ್ ಜೋಡಿಯನ್ನು ಗುರುತಿಸಿ ತನ್ನ ರಿಲೇಯ, ಅಂದರೆ ವಿದ್ಯುತ್ತಿನಿಂದ ಓಡುವ ಸ್ವಿಚ್‌ನ, ಸ್ಥಿತಿ ಬದಲಿಸುತ್ತದೆ. ಆಗ ಕಟ್ಟಡದ ಸ್ಪೀಕರ್‌ಗಳನ್ನು ನಡೆಸುವ ಪಿಎ ಆಂಪ್ಲಿಫೈಯರ್ ಮ್ಯೂಟ್‌ನಿಂದ ಹೊರಬರುತ್ತದೆ, ಮಲಗುವ ಕೋಣೆಯ ದೀಪ ಹೊತ್ತುತ್ತದೆ, ಡಿಸ್ಪ್ಯಾಚರ್‌ನ ದನಿ ಕಟ್ಟಡವಿಡೀ ಕೇಳುತ್ತದೆ. ಈಗ ಐಪಿ ಜಾಲದ ಮೇಲೆ ಓಡುವ ಹೊಸ ವ್ಯವಸ್ಥೆಗಳೂ ಬಂದಿವೆ. ಆದರೆ ಅವುಗಳ ಕೊನೆಯಲ್ಲಿರುವುದೂ ಇದೇ ಆಂಪ್, ಹಲವು ಸ್ಪೀಕರ್‌ಗಳಿಗೆ ಸದ್ದು ಒಯ್ಯುವ ಇದೇ 70 ವೋಲ್ಟ್ ಲೈನ್, ಇದೇ ಚಾವಣಿ ಸ್ಪೀಕರ್. ಹಾಗಾಗಿ ಕೆಳಗಿನದರಲ್ಲಿ ಹೆಚ್ಚಿನದು ಅವಕ್ಕೂ ಹೊಂದುತ್ತದೆ.

ಇಲ್ಲಿ ಕೈಗೆತ್ತಿಕೊಂಡಿರುವುದು ಎರಡು ಬೇಗಳ (ವಾಹನ ನಿಲ್ಲುವ ಅಂಕಣಗಳ) ಠಾಣೆಯೊಂದರ ಮಾಮೂಲಿ ಜೋಡಣೆ. 154 ಮೆಗಾಹರ್ಟ್ಸ್ ಸುತ್ತ ಕೇಳುವ, 13.8 ವೋಲ್ಟ್ ಪವರ್ ಸಪ್ಲೈ ಮೇಲೆ ಕೂತ ಒಂದು ಮೊಬೈಲ್ ರೇಡಿಯೋ. ಒಂದು ಡಿಕೋಡರ್. ಒಂದು 60 ವಾಟ್ ಆಂಪ್. 1 ವಾಟ್ ಟ್ಯಾಪ್‌ನಲ್ಲಿ (ಸ್ಪೀಕರ್ ಎಷ್ಟು ವಾಟ್ ಎಳೆಯಬೇಕೆಂದು ಅದರ ಟ್ರಾನ್ಸ್‌ಫಾರ್ಮರ್‌ನಲ್ಲಿ ಆರಿಸುವ ಜಾಗ) 10 ಚಾವಣಿ ಸ್ಪೀಕರ್, ಬೇಯಲ್ಲಿ 7.5 ವಾಟ್ ಟ್ಯಾಪ್‌ನಲ್ಲಿ 2 ಹಾರ್ನ್. ದೂರು ಒಂದೇ ಸಾಲಿನದು: ಸ್ಪೀಕರ್ ಸದ್ದು ಮಾಡುತ್ತದೆ. ಬಿಡಿಸಿ ಕೇಳಿದರೆ ನಾಲ್ಕು ಸದ್ದು. ಸದಾ ಇರುವ ಗುಂಯ್, ಆಗಾಗ ಸುಂಯ್ ಎಂದು ಸುರಿಯುವ ಹಿಸ್, ಟ್ರಕ್‌ನ ರೇಡಿಯೋದಲ್ಲಿ ಮಾತಿನ ಗುಂಡಿ ಒತ್ತಿದಾಗ ಧಡ್, ರಿಲೇ ಬಿದ್ದಾಗ ಟಪ್. ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ.

ಇದು ಕಿವಿಗೆ ಕಿರಿಕಿರಿ ಅಷ್ಟೇ ಎಂದು ಬಿಡುವ ಹಾಗಿಲ್ಲ. ರಾತ್ರಿಯಿಡೀ ತಲೆಯ ಮೇಲೆ ಗುಂಯ್‌ಗುಡುವ ಸ್ಪೀಕರನ್ನು ಯಾರಾದರೂ ಒಬ್ಬರು ಎದ್ದು ತಗ್ಗಿಸಿಯೇ ತಗ್ಗಿಸುತ್ತಾರೆ. ಸದ್ದು ತಗ್ಗಿಸುವ ಅಟೆನ್ಯುಯೇಟರ್ ತಿರುಗಿಸುತ್ತಾರೆ, ಇಲ್ಲವೇ ದಿಂಬಿನ ಹತ್ತಿ ತುರುಕುತ್ತಾರೆ. ಆಮೇಲೆ ಕರೆಯೂ ಅಷ್ಟೇ ತಗ್ಗಿ ಬರುತ್ತದೆ. ವೃತ್ತಿಪರ ಠಾಣೆಗಳಿಗೆ ಅಮೆರಿಕದ ಅಗ್ನಿಶಾಮಕ ಮಾನದಂಡ ಎನ್‌ಎಫ್‌ಪಿಎ 1710 ಹೇಳುವ ಹೊರಡುವ ಸಮಯ ಬೆಂಕಿಯ ಕರೆಗೆ 80 ಸೆಕೆಂಡ್, ವೈದ್ಯಕೀಯ ಕರೆಗೆ 60. ಅದರಲ್ಲಿ ಹತ್ತು ಸೆಕೆಂಡ್ 'ಏನಂದ್ರು?' ಎಂದು ಕೇಳುವುದರಲ್ಲೇ ಹೋಗಬಾರದು.

ಕೈ ಹಾಕುವ ಮುನ್ನ

ಡಿಸ್ಪ್ಯಾಚ್‌ಗೆ ತಿಳಿಸದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಠಾಣೆಯ ಸ್ಪೀಕರ್ ಸ್ತಬ್ಧವಾಗಿರುವಷ್ಟು ಹೊತ್ತೂ ಪಾಳಿಯಲ್ಲಿರುವವರ ಸೊಂಟದಲ್ಲಿ ಪೇಜರ್ ಇರಬೇಕು, ಅದು ಚಾರ್ಜ್ ಆಗಿರಬೇಕು, ಒಮ್ಮೆ ಟೆಸ್ಟ್ ಪೇಜ್ ಹಾಕಿಸಿ ಕೂಗುತ್ತದೆಂದು ನೋಡಿರಬೇಕು. ಪಿಎ ಆಂಪ್ ಕಟ್ಟಡದ ಫೈರ್ ಅಲಾರ್ಮ್‌ಗೂ ಜೋಡಣೆಯಾಗಿದ್ದರೆ ಅಲ್ಲೇ ನಿಲ್ಲಿಸಿ, ಆ ಕೆಲಸದ ಲೈಸೆನ್ಸ್ ಇರುವವರನ್ನು ಕರೆಯಿರಿ.

ಉಪಕರಣ ಹೆಚ್ಚೇನೂ ಬೇಡ. ಎಸಿ ಮಿಲಿವೋಲ್ಟ್ ಸರಿಯಾಗಿ ತೋರಿಸುವ ಮಲ್ಟಿಮೀಟರ್, 1 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಇಂಪಿಡೆನ್ಸ್ ಮೀಟರ್, 50 ಓಮ್ ಡಮ್ಮಿ ಲೋಡ್, ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಯಾವುದಾದರೊಂದು ಆಪ್, ಬ್ಯಾಟರಿಯಲ್ಲಿ ಓಡುವ ಒಂದು ರೇಡಿಯೋ ಸ್ಕ್ಯಾನರ್. ಜೊತೆಗೆ ಕೈಯಾರೆ ಮಾಡಿಕೊಳ್ಳುವ ಶಾರ್ಟಿಂಗ್ ಪ್ಲಗ್, ಅಂದರೆ ನಡುಪಿನ್ನನ್ನೂ ಹೊರ ಉಂಗುರವನ್ನೂ ಬೆಸುಗೆ ಹಾಕಿ ಒಂದು ಮಾಡಿದ ಆರ್‌ಸಿಎ ಪ್ಲಗ್. ಇಡೀ ಕೆಲಸದಲ್ಲಿ ಅತಿ ಹೆಚ್ಚು ಸತ್ಯ ಹೇಳುವುದು ಈ ಮೂರು ಕಾಸಿನ ಪ್ಲಗ್ಗೇ.

ಸರಪಳಿಯನ್ನು ತುಂಡು ಮಾಡಿ ನೋಡುವುದು

ಮೊದಲು ಮ್ಯೂಟ್ ತೆಗೆದು, ಆಂಪ್‌ನ ಮಾಸ್ಟರ್ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಆಗಲೂ ಗುಂಯ್ ಇದ್ದರೆ ಅದು ಆಂಪ್‌ನ ಪವರ್ ಸಪ್ಲೈನಲ್ಲೋ ಔಟ್‌ಪುಟ್ ಹಂತದಲ್ಲೋ ಅಥವಾ ಸ್ಪೀಕರ್ ಲೈನ್‌ನಲ್ಲೋ ಇದೆ. ರೇಡಿಯೋ ಕಡೆ ತಿರುಗಿಯೂ ನೋಡಬೇಡಿ. ಸೊನ್ನೆಯಲ್ಲಿ ಸುಮ್ಮನಾದರೆ ವಾಲ್ಯೂಮನ್ನು ಮೊದಲಿದ್ದ ಗುರುತಿಗೇ ತಂದು, ರೇಡಿಯೋದ ಕೇಬಲ್ ಕಿತ್ತು, ಅದರ ಜಾಗಕ್ಕೆ ಶಾರ್ಟಿಂಗ್ ಪ್ಲಗ್ ಹಾಕಿ. ಬಳಸದ ಮೈಕ್ ಇನ್‌ಪುಟ್‌ಗಳ ಗುಬ್ಬಿಗಳನ್ನೆಲ್ಲ ಪೂರ್ತಿ ಇಳಿಸಿರಿ. ಎಲ್ಲೋ ಒಂದು ಮೈಕ್ ಗುಬ್ಬಿ ಅರ್ಧಕ್ಕೆ ನಿಂತು ವರ್ಷಗಟ್ಟಲೆ ಹಿಸ್ ಸುರಿಸುತ್ತಿರುವುದು ಈ ಜಾತಿಯ ಆಂಪ್‌ಗಳಲ್ಲಿ ಬಲು ಸಾಮಾನ್ಯ.

ಪ್ಲಗ್ ಹಾಕಿದಾಗ ನಿಶ್ಶಬ್ದವಾದರೆ ಆಂಪ್ ನಿರ್ದೋಷಿ. ಈಗ ಕೇಬಲನ್ನು ಮತ್ತೆ ಸಿಕ್ಕಿಸಿ, ರೇಡಿಯೋದ ಸ್ವಿಚ್ ಮಾತ್ರ ಆರಿಸಿ. ರೇಡಿಯೋ ಆರಿದ್ದರೂ ಗುಂಯ್ ಮುಂದುವರಿದರೆ ಅದು ರೇಡಿಯೋದ ಆಡಿಯೋದಲ್ಲಿ ಹುಟ್ಟಿದ್ದಲ್ಲ, ಕೇಬಲ್‌ನ ಷೀಲ್ಡ್ ಮೇಲೆ ಹರಿಯುವ ಕರೆಂಟಿನದು. ಈ ಒಂದು ಪರೀಕ್ಷೆ ಮಾಡದೆ ಹೊಸ ರೇಡಿಯೋ ಕೊಂಡ ಠಾಣೆಗಳಿವೆ. ಹೊಸ ರೇಡಿಯೋ ಬಂದ ಮೇಲೂ ಗುಂಯ್ ಅದೇ ಶ್ರುತಿಯಲ್ಲಿ ಇರುತ್ತದೆ.

ಇನ್ನೊಂದು ಬಗೆಯ ಗುಂಯ್ ಡಿಸ್ಪ್ಯಾಚರ್ ಮಾತಾಡುವಾಗ ಮಾತ್ರ ಬರುತ್ತದೆ. ಪೇಜರ್‌ನಲ್ಲೂ ಅದೇ ಕೇಳಿಸಿದರೆ ತೊಂದರೆ ಪ್ರಸಾರದ ಕಡೆಯದು, ಠಾಣೆಯೊಳಗೆ ಏನು ಬಿಚ್ಚಿದರೂ ಹೋಗದು. ಪೇಜರ್‌ನಲ್ಲಿ ಇಲ್ಲದೆ ಚಾವಣಿಯಲ್ಲಿ ಮಾತ್ರ ಇದ್ದರೆ ಸಿಟಿಸಿಎಸ್‌ಎಸ್ ಟೋನ್ ಸೋರುತ್ತಿದೆ ಎಂದು ಅನುಮಾನಿಸಿ. ದನಿಯ ಅಡಿಯಲ್ಲಿ ಸದಾ ಓಡುವ ಈ ಟೋನ್ 67ರಿಂದ 254.1 ಹರ್ಟ್ಸ್ ನಡುವೆ ಎಲ್ಲೋ ಇರುತ್ತದೆ. ರೇಡಿಯೋದ ಸ್ಪೀಕರ್ ದಾರಿಯಲ್ಲಿ 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಇದೆ. ಆದರೆ ಹಿಂಬದಿಯ ಅಕ್ಸೆಸರಿ ಕನೆಕ್ಟರ್‌ನ ಡಿಸ್ಕ್ರಿಮಿನೇಟರ್ ಪಿನ್‌ನಿಂದ (ಕಚ್ಚಾ ಆಡಿಯೋ ಸಿಗುವ ಜಾಗ) ಆಡಿಯೋ ಎಳೆದಿದ್ದರೆ ಆ ಫಿಲ್ಟರನ್ನೂ, ಮೇಲಿನ ಸ್ವರಗಳನ್ನು ತಗ್ಗಿಸುವ ಡಿ-ಎಂಫಸಿಸನ್ನೂ ಎರಡನ್ನೂ ತಪ್ಪಿಸಿಕೊಂಡು ಬಂದಂತಾಯಿತು. ಕೆಳಗೆ ಗುಂಯ್, ಮೇಲೆ ಕರ್ಕಶ ಹಿಸ್. ಸ್ಪೀಕರ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು 100 ಹರ್ಟ್ಸ್‌ನಲ್ಲಿ ಬೇಗ ಸ್ಯಾಚುರೇಟ್ ಆಗಿ ಅದಕ್ಕೆ ಬರಬರ ಬೇರೆ ಸೇರಿಸುತ್ತವೆ. ಫೋನಿನ ಸ್ಪೆಕ್ಟ್ರಮ್‌ನಲ್ಲಿ ಗೆರೆ 100.0 ಅಥವಾ 141.3ರಂಥ ಜಾಗದಲ್ಲಿ ನಿಂತರೆ ಅನುಮಾನ ಖಾತ್ರಿ. ಫಿಲ್ಟರ್ ಮೂಲಕವೇ ಹಾದು ಬಂದ ಆಡಿಯೋ ಸಿಗುವ ಪಿನ್‌ಗೆ ತಂತಿ ಬದಲಿಸಿದರೆ ಮುಗಿಯಿತು.

ಗುಂಯ್

ಸದಾ ಇರುವ ಗುಂಯ್ ಯಾವ ಕಂಪನಾಂಕದ್ದು ಎಂದು ಮೊದಲು ನೋಡಿ. ನಮ್ಮ ಕಡೆ ಕಿವಿಗೆ ಪಳಗಿರುವುದು 50 ಮತ್ತು 100 ಹರ್ಟ್ಸ್, ಅಮೆರಿಕದಲ್ಲಿ 60 ಮತ್ತು 120. 120ರ ಗೆರೆ ಒಂಟಿಯಾಗಿ ಎತ್ತರಕ್ಕೆ ನಿಂತಿದ್ದರೆ ಯಾವುದೋ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿದೆ. 24 ಗಂಟೆ ಬಿಸಿಯಲ್ಲಿ ಕೂತ ಹಳೆಯ ಆಂಪ್‌ಗಳಲ್ಲಿ ಇದು ನಿರೀಕ್ಷಿತವೇ. ಅದೇ ಮೌಲ್ಯದ, 105 ಡಿಗ್ರಿ ದರ್ಜೆಯ ಹೊಸದು ಹಾಕಿ. ಬರಿಯ 60 ಇದ್ದರೆ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವೋ ಗ್ರೌಂಡ್ ಲೂಪೋ ಇರಬೇಕು. 60, 180, 300 ಹೀಗೆ ಗೆರೆಗಳ ಸಾಲೇ ಇದ್ದು ಸದ್ದು ಗುಂಯ್‌ಗಿಂತ ಜರ್ರ್ ಎನ್ನುವಂತಿದ್ದರೆ ಗ್ರೌಂಡ್ ಲೂಪಿನಲ್ಲಿ ರೆಕ್ಟಿಫೈಯರ್ ಅಥವಾ ಡಿಮ್ಮರ್ ಕರೆಂಟ್ ಹರಿಯುತ್ತಿದೆ.

ಈ ಠಾಣೆಯಂಥ ಕಡೆ ಗ್ರೌಂಡ್ ಲೂಪ್ ಹುಟ್ಟುವ ಬಗೆ ಹೀಗೆ. ರೇಡಿಯೋ ಇರುವುದು ಮುಂದಿನ ಕಚೇರಿಯಲ್ಲಿ, ಅದರ ಸಪ್ಲೈ ಒಂದು ಸರ್ಕ್ಯೂಟ್‌ನಲ್ಲಿ. ಆಂಪ್ ಇರುವುದು ಬೇಯ ರ‍್ಯಾಕ್‌ನಲ್ಲಿ, ಇನ್ನೊಂದು ಸರ್ಕ್ಯೂಟ್‌ನಲ್ಲಿ. ಆಂಟೆನಾದ ಕೋಆಕ್ಸ್ ಷೀಲ್ಡ್ ಹೋಗಿರುವುದು ಗೋಡೆಯಾಚೆ ಯಾರೋ ಹೊಡೆದ ಬೇರೆಯೇ ಗ್ರೌಂಡ್ ರಾಡ್‌ಗೆ. ಮೂರು ಕಡೆಯ ಭೂಮಿ ಒಂದೇ ವೋಲ್ಟೇಜ್‌ನಲ್ಲಿ ಇರುವುದಿಲ್ಲ. ಮೂರನ್ನೂ ನೇರವಾಗಿ ಬೆಸೆದಿರುವ ತಂತಿ ಆಡಿಯೋ ಕೇಬಲ್‌ನ ತೆಳು ಷೀಲ್ಡ್. ವ್ಯತ್ಯಾಸವೆಲ್ಲ ಅದರ ಮೇಲೆಯೇ ಬಿದ್ದು, ಸಿಗ್ನಲ್ ಜೊತೆ ಬೆರೆತು ಆಂಪ್ ಒಳಗೆ ಹೋಗುತ್ತದೆ.

ಅಳೆಯುವುದು ಸುಲಭ. ಆಡಿಯೋ ಕೇಬಲನ್ನು ಆಂಪ್ ಕಡೆ ಬಿಚ್ಚಿ, ಷೀಲ್ಡ್‌ಗೂ ಆಂಪ್ ಚಾಸಿಗೂ ನಡುವೆ ಎಸಿ ಮಿಲಿವೋಲ್ಟ್ ನೋಡಿ. ಮೀಟರ್ ಮುಳ್ಳುಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಇರಲಿ. ಇಲ್ಲದಿದ್ದರೆ ಎರಡು ಪಿನ್ ಸಪ್ಲೈಗಳ ಅಲ್ಪ ಸೋರಿಕೆಯೇ ಹತ್ತಾರು ವೋಲ್ಟ್ ಎಂದು ತೋರಿಸಿ ಹೆದರಿಸುತ್ತದೆ. ಒಂದೆರಡು ಮಿಲಿವೋಲ್ಟ್ ಸಹಜ. ನೂರರ ಮೇಲೆ ಹೋದರೆ ಲೂಪ್ ಖಚಿತ. ರೆಸಿಸ್ಟರ್ ಇದ್ದೂ ಹಲವು ವೋಲ್ಟ್ ಬಂದರೆ ಅದು ಆಡಿಯೋ ವಿಷಯವೇ ಅಲ್ಲ. ಎಲ್ಲೋ ಅರ್ಥ್ ಕಡಿದಿದೆ ಅಥವಾ ನ್ಯೂಟ್ರಲ್ ಹಾದಿ ತಪ್ಪಿದೆ, ಎಲೆಕ್ಟ್ರಿಷಿಯನ್ ಬರುವ ತನಕ ಮುಟ್ಟಬೇಡಿ.

ಇಲ್ಲಿ ಎಲ್ಲರಿಗೂ ಹೊಳೆಯುವ ಅಡ್ಡದಾರಿ ಒಂದಿದೆ: ಆಂಪ್‌ನ ಪ್ಲಗ್‌ಗೆ ಮೂರನೆಯ ಪಿನ್ ಇಲ್ಲದ ಅಡಾಪ್ಟರ್ ಹಾಕುವುದು. ಗುಂಯ್ ತಕ್ಷಣ ನಿಲ್ಲುತ್ತದೆ. ಅದರೊಂದಿಗೆ ರಕ್ಷಣೆಯೂ ಹೋಗುತ್ತದೆ. ಮುಂದೆ ಆಂಪ್ ಒಳಗೆ ಲೈವ್ ತಂತಿ ಚಾಸಿಗೆ ತಗುಲಿದರೆ ಆ ಕರೆಂಟ್ ಹಿಂತಿರುಗಬೇಕಾದದ್ದು ಆಡಿಯೋ ಷೀಲ್ಡ್ ಮೂಲಕ, ಅಥವಾ ಬೇಯ ಒದ್ದೆ ನೆಲದ ಮೇಲೆ ನಿಂತು ರ‍್ಯಾಕ್ ಮುಟ್ಟಿದವರ ಮೂಲಕ. ಅಲ್ಲಿನ ವಿದ್ಯುತ್ ಕೋಡ್ ಕೂಡ ಎಲೆಕ್ಟ್ರಾನಿಕ್ಸ್‌ನಲ್ಲಿ ಸದ್ದು ತರುತ್ತದೆಂಬ ನೆಪಕ್ಕೆ ಅರ್ಥ್ ತಂತಿ ಕಡಿಯಲು ಬಿಡುವುದಿಲ್ಲ. ಅಂಥ ಅಡಾಪ್ಟರ್ ಮೊದಲೇ ಇದ್ದರೆ ತೆಗೆದು ಕಸಕ್ಕೆ ಹಾಕಿ, ಆಮೇಲೆ ಕೆಲಸ ಶುರುಮಾಡಿ.

ಸರಿಯಾದ ದಾರಿಯಲ್ಲಿ ಮೂರು ಹೆಜ್ಜೆ. ಆಂಟೆನಾದ ಗ್ರೌಂಡ್ ರಾಡನ್ನು ಕಟ್ಟಡದ ಮುಖ್ಯ ವಿದ್ಯುತ್ ಗ್ರೌಂಡ್‌ಗೆ 6 ಗೇಜ್ ತಾಮ್ರದ ತಂತಿಯಿಂದ ಬೆಸೆಯಿರಿ. ಅಲ್ಲಿನ ವಿದ್ಯುತ್ ಕೋಡ್ ಎನ್‌ಇಸಿಯ 810ನೇ ಅಧಿಕರಣ ಕೇಳುವ ಕನಿಷ್ಠ ದಪ್ಪ ಅದೇ. ಸಿಡಿಲಿನ ದೃಷ್ಟಿಯಿಂದಲೂ ಇದು ಬೇಕೇ ಬೇಕು. ಸಾಧ್ಯವಾದರೆ ರೇಡಿಯೋ ಸಪ್ಲೈಯನ್ನೂ ಆಂಪ್ ಅನ್ನೂ ಒಂದೇ ಸರ್ಕ್ಯೂಟ್‌ಗೆ ತನ್ನಿ. ಕೊನೆಗೆ ಆಡಿಯೋ ದಾರಿಯಲ್ಲಿ 600 ಓಮ್‌ಗೆ 600 ಓಮ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮೊದಲ ಎರಡು ಹೆಜ್ಜೆ ಬಿಟ್ಟು ಮೂರನೆಯದಕ್ಕೇ ಹಾರಿದರೂ ಗುಂಯ್ ಹೋಗುವುದುಂಟು, ಆದರೆ ಸಿಡಿಲು ಬಂದಾಗ ಎರಡು ಗ್ರೌಂಡ್‌ಗಳ ನಡುವಿನ ಸಾವಿರಾರು ವೋಲ್ಟ್ ಆ ಟ್ರಾನ್ಸ್‌ಫಾರ್ಮರ್‌ನ ಎರಡು ಸುರುಳಿಗಳ ನಡುವೆ ಬಂದು ಕೂರುತ್ತದೆ.

ಟ್ರಾನ್ಸ್‌ಫಾರ್ಮರ್ ಹಾಕುವ ಮುಂಚೆ ರೇಡಿಯೋದ ಸ್ಪೀಕರ್ ತಂತಿಗಳನ್ನು ಪರೀಕ್ಷಿಸಿ. ಬಹಳಷ್ಟು ಮೊಬೈಲ್ ರೇಡಿಯೋಗಳ ಔಟ್‌ಪುಟ್ ಬ್ರಿಜ್ ಮಾದರಿಯದು, ಅಂದರೆ ಎರಡೂ ತಂತಿಯಲ್ಲಿ ಸಿಗ್ನಲ್, ಯಾವುದೂ ಗ್ರೌಂಡ್ ಅಲ್ಲ. ರೇಡಿಯೋ ಹಚ್ಚಿ, ಒಂದೊಂದು ತಂತಿಗೂ ಚಾಸಿಗೂ ನಡುವೆ ಡಿಸಿ ನೋಡಿ. ಎರಡರಲ್ಲೂ ಸಪ್ಲೈನ ಅರ್ಧ, ಸುಮಾರು 6ರಿಂದ 7 ವೋಲ್ಟ್ ಬಂದರೆ ಬ್ರಿಜ್. ಇಂಥದ್ದರ ಒಂದು ತಂತಿಯನ್ನು ಆರ್‌ಸಿಎ ಪ್ಲಗ್‌ನ ಹೊರ ಉಂಗುರಕ್ಕೆ ಬೆಸೆದು ಆಂಪ್‌ಗೆ ಚುಚ್ಚಿದರೆ ಅರ್ಧ ಔಟ್‌ಪುಟ್ ನೇರ ನೆಲಕ್ಕೆ ಶಾರ್ಟ್. ಸದ್ದು ಒಡೆಯುತ್ತದೆ, ಗುಂಯ್ ಸೇರುತ್ತದೆ, ಆಡಿಯೋ ಐಸಿ ಸುಟ್ಟೇ ಹೋಗಬಹುದು.

ಇದಕ್ಕೆ ಕಟ್ಟಬೇಕಾದ ಪ್ಯಾಡ್, ಅಂದರೆ ಸಿಗ್ನಲ್ ಮಟ್ಟ ಇಳಿಸುವ ಸರ್ಕ್ಯೂಟ್, ಚಿಕ್ಕದು. ಎರಡೂ ತಂತಿಗಳಲ್ಲಿ ಸರಣಿಯಾಗಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಒಂದೊಂದು, ಅದರ ಮುಂದೆ 470 ಓಮ್ ಒಂದೊಂದು, ಆಮೇಲೆ ಎರಡೂ ತಂತಿಗಳ ನಡುವೆ ಅಡ್ಡಲಾಗಿ 220 ಓಮ್, ಅದಕ್ಕೇ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ. ಸೆಕೆಂಡರಿಗೆ ಅಡ್ಡಲಾಗಿ 620 ಓಮ್, ಅಲ್ಲಿಂದ ಆಂಪ್‌ನ ಆಕ್ಸಿಲರಿ ಇನ್‌ಪುಟ್. ಆಂಪ್‌ನ ಇನ್‌ಪುಟ್ 10 ಕಿಲೋಓಮ್‌ಗಿಂತ ಹೆಚ್ಚಿರುವುದರಿಂದ ಆ 620 ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್‌ಗೆ ಲೋಡೇ ಇಲ್ಲದಂತಾಗಿ ದನಿ ಚುಚ್ಚುತ್ತದೆ. ರೆಸಿಸ್ಟರ್‌ಗಳು ಕಾಲು ವಾಟಿನವು ಸಾಕು. ಲೆಕ್ಕ: 220ಕ್ಕೆ ಸಮಾಂತರವಾಗಿ 600 ಎಂದರೆ 161 ಓಮ್, ಒಟ್ಟು ದಾರಿ 1,101 ಓಮ್. ರೇಡಿಯೋ 2 ವೋಲ್ಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಮೇಲೆ 0.29 ವೋಲ್ಟ್. ಕೆಪಾಸಿಟರ್‌ಗಳು ಡಿಸಿಯನ್ನು ತಡೆಯುವುದಲ್ಲದೆ 290 ಹರ್ಟ್ಸ್ ಸುಮಾರಿಗೆ ಕತ್ತರಿಸುವ ಹೈಪಾಸ್ ಆಗಿಯೂ ಕೆಲಸ ಮಾಡುತ್ತವೆ. ರೇಡಿಯೋ ಕಡೆಯಿಂದಲೇ ಬರುವ 100 ಹರ್ಟ್ಸ್ ಇದರಿಂದ ಸುಮಾರು 10 ಡಿಬಿ, 60 ಹರ್ಟ್ಸ್ 14 ಡಿಬಿ ಇಳಿಯುತ್ತದೆ. ಡಿಕೋಡರ್‌ಗೆ ಹೋಗುವ ತಂತಿಯನ್ನು ಮಾತ್ರ ಈ ಪ್ಯಾಡ್‌ಗಿಂತ ಮುಂಚೆಯೇ ಎಳೆಯಬೇಕು. ಪೇಜಿಂಗ್ ಟೋನ್‌ಗಳಲ್ಲಿ ಕೆಲವು 300ರ ಆಸುಪಾಸಿನಲ್ಲೇ ಇರುತ್ತವೆ, ಅವು ಕುಗ್ಗಿದರೆ ಡಿಕೋಡರ್ ಕರೆಯನ್ನೇ ಗುರುತಿಸದೆ ಹೋಗಬಹುದು.

ಟ್ರಾನ್ಸ್‌ಫಾರ್ಮರ್ ಆಂಪ್‌ಗೆ ಹತ್ತಿರ ಇರಲಿ, ಆದರೆ ಆಂಪ್‌ನ ಪವರ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಬೇಡ. ಇಟ್ಟ ಮೇಲೂ ಸಣ್ಣ 60 ಹರ್ಟ್ಸ್ ಉಳಿದರೆ ಅದನ್ನು ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಗುಂಯ್ ತಟ್ಟನೆ ಕುಸಿಯುತ್ತದೆ, ಅಲ್ಲೇ ಸ್ಕ್ರೂ ಹಾಕಿ. ಕೇಬಲ್‌ನ ಷೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಜೋಡಿಸಿ, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್ ಹಾಕಿದ್ದೇ ವ್ಯರ್ಥ. ಕರೆಂಟಿನ ತಂತಿಗಳ ಕಾಂತಕ್ಷೇತ್ರವನ್ನು ತಡೆಯುವುದು ಷೀಲ್ಡ್‌ಗಿಂತ ಹೆಚ್ಚಾಗಿ ಜೋಡಿ ತಂತಿಯ ಹೊಸೆತ. ಹಾಗಾಗಿ ಹೊಸೆದಿಲ್ಲದ ದುಬಾರಿ ಷೀಲ್ಡ್ ಕೇಬಲ್‌ಗಿಂತ ಸಾದಾ ಕ್ಯಾಟ್ 5ರ ಒಂದು ಜೋಡಿ ಎಷ್ಟೋ ವಾಸಿ.

ಸ್ಪೀಕರ್ ಲೈನ್

ಮಾಸ್ಟರ್ ಸೊನ್ನೆಯಲ್ಲಿದ್ದರೂ ಸದ್ದಿದ್ದರೆ ಲೈನನ್ನು ಆಂಪ್‌ನಿಂದ ಬಿಡಿಸಿ ಅಳೆಯಿರಿ. 70 ವೋಲ್ಟ್ ಲೈನ್‌ನ ಇಂಪಿಡೆನ್ಸ್ ಎಂದರೆ 5,000 ಭಾಗಿಸು ಒಟ್ಟು ಟ್ಯಾಪ್ ವಾಟ್. ಇಲ್ಲಿ 10 ಮತ್ತು 15 ಸೇರಿ 25 ವಾಟ್, ಹಾಗಾಗಿ 200 ಓಮ್ ಬರಬೇಕು. 60 ವಾಟ್ ಆಂಪ್‌ಗೆ 83ಕ್ಕಿಂತ ಕೆಳಗೆ ಇಳಿಯಬಾರದು. 8ರ ಹತ್ತಿರ ಬಂದರೆ ಯಾರೋ ಟ್ರಾನ್ಸ್‌ಫಾರ್ಮರ್ ಇಲ್ಲದ ಮನೆಬಳಕೆ ಸ್ಪೀಕರನ್ನು ಅಡುಗೆಕೋಣೆಯಲ್ಲಿ ತಗಲಿಸಿದ್ದಾರೆ. ಮಾಮೂಲಿ ಮಲ್ಟಿಮೀಟರ್‌ನ ಡಿಸಿ ಓಮ್ ಇಲ್ಲಿ ನಂಬಬೇಡಿ, ಅದು ಸುರುಳಿಯ ತಾಮ್ರವನ್ನಷ್ಟೇ ಅಳೆದು ಬಲು ಕಡಿಮೆ ತೋರಿಸುತ್ತದೆ. ಆದರೆ ಲೈನ್‌ಗೂ ಅದು ಹಾದುಹೋಗುವ ಲೋಹದ ಕೊಳವೆಗೂ (ಕಾಂಡ್ಯೂಯಿಟ್) ನಡುವೆ ಅದನ್ನೇ ಬಳಸಿ, ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಚಾವಣಿಯಲ್ಲಿ ಎಲ್ಲೋ ಸ್ಟೇಪಲ್ ತಂತಿಯೊಳಗೆ ಇಳಿದಿದೆ. ಲೈನನ್ನು ಅರ್ಧರ್ಧ ಬಿಡಿಸುತ್ತ ಹೋದರೆ ಜಾಗ ಸಿಗುತ್ತದೆ.

ಸುಂಯ್

ಇದ್ದಕ್ಕಿದ್ದಂತೆ ಹಿಸ್ ಸುರಿದು ನಿಲ್ಲುವುದು ಸ್ಕ್ವೆಲ್ಚ್, ಅಂದರೆ ಸಿಗ್ನಲ್ ಇಲ್ಲದಾಗ ಸದ್ದನ್ನು ಮುಚ್ಚಿಡುವ ಬಾಗಿಲು, ತೆರೆಯುತ್ತಿರುವುದರ ಲಕ್ಷಣ. ಆಂಟೆನಾ ಕಿತ್ತು 50 ಓಮ್ ಡಮ್ಮಿ ಲೋಡ್ ಹಾಕಿ. ನಿಂತರೆ ಕಾರಣ ಗಾಳಿಯಲ್ಲಿದೆ, ನಿಲ್ಲದಿದ್ದರೆ ರೇಡಿಯೋದಲ್ಲಿ.

ರೇಡಿಯೋದ ಕಡೆ ಮೊದಲು ನೋಡಬೇಕಾದ್ದು ಮೈಕ್ ನೇತುಹಾಕುವ ಕ್ಲಿಪ್. ಬಹಳಷ್ಟು ಮೊಬೈಲ್ ರೇಡಿಯೋಗಳು ಮೈಕನ್ನು ಕ್ಲಿಪ್‌ನಿಂದ ತೆಗೆದ ಕೂಡಲೇ ಟೋನ್ ಸ್ಕ್ವೆಲ್ಚ್ (ಸರಿಯಾದ ಸಿಟಿಸಿಎಸ್‌ಎಸ್ ಟೋನ್ ಇದ್ದರೆ ಮಾತ್ರ ತೆರೆಯುವುದು) ಬಿಟ್ಟು, ಎಲ್ಲವನ್ನೂ ಕೇಳಿಸುವ ಮಾನಿಟರ್ ಸ್ಥಿತಿಗೆ ಹೋಗುತ್ತವೆ. ಕ್ಲಿಪ್ ಗ್ರೌಂಡ್ ಆಗಿದ್ದರೆ ಮಾತ್ರ ಮೈಕ್ ಅಲ್ಲಿದೆ ಎಂದು ರೇಡಿಯೋಗೆ ತಿಳಿಯುತ್ತದೆ. ವಾಹನದಲ್ಲಿ ಡ್ಯಾಶ್‌ಬೋರ್ಡಿನ ಲೋಹ ಆ ಕೆಲಸ ಮಾಡುತ್ತದೆ. ಠಾಣೆಯ ಮರದ ಮೇಜಿಗೆ ಕ್ಲಿಪ್ ಹೊಡೆದರೆ ರೇಡಿಯೋ ಹಗಲು ರಾತ್ರಿ ಮಾನಿಟರ್‌ನಲ್ಲೇ ಇರುತ್ತದೆ, ಹಾದುಹೋಗುವ ಪ್ರತಿ ಗೊಂದಲವನ್ನೂ ಒಳಗೆ ಬಿಡುತ್ತದೆ. ಕ್ಲಿಪ್‌ನಿಂದ ರೇಡಿಯೋ ಚಾಸಿಗೆ ಒಂದು ತಂತಿ ಎಳೆದರೆ ಸಾಕು.

ಗಾಳಿಯ ಕಡೆಯ ಮುಖ್ಯ ಅಪರಾಧಿ ಎಲ್‌ಇಡಿ. ಬೇಯ ಟ್ಯೂಬ್‌ಲೈಟ್‌ಗಳನ್ನು ಅಗ್ಗದ ಎಲ್‌ಇಡಿಗೆ ಬದಲಿಸಿದ ವಾರದಿಂದ ಸದ್ದು ಶುರುವಾಯಿತೆಂದರೆ ಬೇರೆ ಸಾಕ್ಷಿ ಬೇಡ. ಎರಡನೆಯ ಸಾಲಿನಲ್ಲಿ ಟ್ರಕ್‌ಗಳ ಬ್ಯಾಟರಿ ಚಾರ್ಜರ್‌ಗಳು, ಕ್ಯಾಮರಾಗಳ ಪವರ್ ಅಡಾಪ್ಟರ್‌ಗಳು, ನೆಟ್‌ವರ್ಕ್ ಸ್ವಿಚ್‌ಗಳು ಬರುತ್ತವೆ. ಹುಡುಕಲು ಒಂದು ಒಳ್ಳೆಯ ಉಪಾಯವಿದೆ. ಅಮೆರಿಕದ ಹವಾಮಾನ ರೇಡಿಯೋ ಎನ್‌ಒಎಎ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ 7 ಚಾನೆಲ್‌ಗಳಲ್ಲಿ ದಿನದ 24 ಗಂಟೆಯೂ ಮಾತಾಡುತ್ತಿರುತ್ತದೆ. ಬ್ಯಾಟರಿ ಸ್ಕ್ಯಾನರನ್ನು ಅದರಲ್ಲಿ ದುರ್ಬಲವಾಗಿ ಬರುವ ಒಂದು ಚಾನೆಲ್‌ಗೆ ಇಟ್ಟು, ಸ್ಕ್ವೆಲ್ಚ್ ತೆರೆದು, ಠಾಣೆಯ ಆಂಟೆನಾ ಪಕ್ಕ ನಿಲ್ಲಿ. ಇನ್ನೊಬ್ಬರು ಬ್ರೇಕರ್‌ಗಳನ್ನು ಒಂದೊಂದಾಗಿ ಆರಿಸಲಿ, ನಿಂತ ಟ್ರಕ್‌ಗಳಿಗೆ ಕಟ್ಟಡದಿಂದ ಕರೆಂಟ್ ಕೊಡುವ ಶೋರ್ ಪವರ್ ಪ್ಲಗ್‌ಗಳನ್ನು ಒಂದೊಂದಾಗಿ ಕೀಳಲಿ. ಯಾವುದನ್ನು ಆರಿಸಿದಾಗ ಹವಾಮಾನದ ದನಿ ಹಿಸ್‌ನಿಂದ ಮೇಲೆದ್ದು ಸ್ಪಷ್ಟವಾಯಿತೋ ಅಲ್ಲಿದೆ ಮೂಲ. ಡಿಸ್ಪ್ಯಾಚ್ ಚಾನೆಲ್ಲಿನ ಮೌನದಲ್ಲಿ ಕಿವಿಗೆ ಸಿಗದ ವ್ಯತ್ಯಾಸ ಇಲ್ಲಿ ಥಟ್ಟನೆ ಸಿಗುತ್ತದೆ.

ಮದ್ದು: ಆಂಟೆನಾ ರೇಡಿಯೋ ತಲೆಯ ಮೇಲಿನ ರಬ್ಬರ್ ಕಡ್ಡಿಯಾಗಿದ್ದರೆ ಮೊದಲು ಅದನ್ನು ಚಾವಣಿಯಾಚೆ ಒಯ್ಯಿರಿ. 154 ಮೆಗಾಹರ್ಟ್ಸ್‌ಗೆ ಕಾಲು ಅಲೆ ಎಂದರೆ 49 ಸೆಂಟಿಮೀಟರ್ ಅಷ್ಟೇ, ದೊಡ್ಡ ಗೋಪುರವೇನೂ ಬೇಡ. ಕೋಆಕ್ಸ್ 100 ಅಡಿಯಾದರೆ ಆರ್‌ಜಿ-58 ಸುಮಾರು 6 ಡಿಬಿ ನುಂಗುತ್ತದೆ, ಎಲ್‌ಎಂಆರ್-400 ಒಂದೂವರೆ. ದೀಪಗಳ ಡ್ರೈವರ್ ಬದಲಿಸುವುದು ಎರಡನೆಯ ಹೆಜ್ಜೆ, ತಂತಿಗೆ ಫೆರೈಟ್ ಮಣಿ ತೊಡಿಸುವುದು ಮೂರನೆಯದು. ಸ್ಕ್ವೆಲ್ಚ್ ಬಿಗಿ ಮಾಡುವುದು ಕಟ್ಟಕಡೆಯದು. ಬಿಗಿ ಮಾಡಿದರೆ ಸುಂಯ್ ನಿಲ್ಲುತ್ತದೆ ನಿಜ, ಜೊತೆಗೆ ಬಿರುಗಾಳಿಯ ರಾತ್ರಿ ದುರ್ಬಲವಾಗಿ ಬರುವ ಕರೆಯೂ ನಿಲ್ಲಬಹುದು. ಟೋನ್ ಸ್ಕ್ವೆಲ್ಚ್ ಹಚ್ಚುವುದಾದರೆ ಡಿಸ್ಪ್ಯಾಚ್‌ನ ಎಲ್ಲ ಕನ್ಸೋಲ್‌ಗಳೂ ಬದಲಿ ಟ್ರಾನ್ಸ್‌ಮಿಟರ್ ಕೂಡ ಆ ಟೋನ್ ಕಳಿಸುತ್ತವೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಹಿಸ್ ಸುರಿಯದೆ, ಕರೆಯ ದನಿಯ ಹಿಂದೆಯೇ ಸದಾ ಇದ್ದರೆ ಇನ್ನೊಂದು ಹಳೆಯ ಕಾರಣ ನೋಡಿ. ಅಮೆರಿಕದ ಸಂವಹನ ನಿಯಂತ್ರಕ ಎಫ್‌ಸಿಸಿಯ ನಿಯಮದಂತೆ 2013ರ ಜನವರಿ 1ರ ಹೊತ್ತಿಗೆ ಈ ಬ್ಯಾಂಡಿನ ಚಾನೆಲ್‌ಗಳು 12.5 ಕಿಲೋಹರ್ಟ್ಸ್‌ಗೆ ಕಿರಿದಾದವು, ಗರಿಷ್ಠ ಡೀವಿಯೇಷನ್ (ದನಿಗೆ ತಕ್ಕಂತೆ ಕಂಪನಾಂಕ ಅತ್ತಿತ್ತ ಸರಿಯುವ ದೂರ) 5ರಿಂದ 2.5 ಕಿಲೋಹರ್ಟ್ಸ್‌ಗೆ ಇಳಿಯಿತು. ರಿಸೀವರ್ ಮಾತ್ರ ಇನ್ನೂ ಅಗಲದ ಪ್ರೋಗ್ರಾಮಿಂಗ್‌ನಲ್ಲೇ ಉಳಿದಿದ್ದರೆ ದನಿ 6 ಡಿಬಿ ಕಡಿಮೆ ಬರುತ್ತದೆ. ಅದನ್ನು ಸರಿದೂಗಿಸಲು ಆಂಪ್ ಏರಿಸುತ್ತಾರೆ, ಹಿಸ್ಸೂ 6 ಡಿಬಿ ಏರುತ್ತದೆ. ರೇಡಿಯೋವನ್ನು ನ್ಯಾರೋಬ್ಯಾಂಡ್‌ಗೆ ಪ್ರೋಗ್ರಾಂ ಮಾಡಿದರೆ ಒಂದು ತಂತಿಯನ್ನೂ ಮುಟ್ಟದೆ ಗುಣವಾಗುವ ಕಾಯಿಲೆ ಇದು.

ಧಡ್

ಬೇಯಲ್ಲಿ ಟ್ರಕ್‌ನ 50 ವಾಟ್ ರೇಡಿಯೋ ಒತ್ತಿದಾಗ ಸ್ಪೀಕರ್ ಧಡ್ ಎನ್ನುವುದು ಆಂಪ್‌ನ ಇನ್‌ಪುಟ್ ಟ್ರಾನ್ಸಿಸ್ಟರ್ ಆ ತರಂಗವನ್ನು ರೆಕ್ಟಿಫೈ ಮಾಡುವುದರಿಂದ. ಸದ್ದಿನ ಬಗೆಯೇ ಮೂಲ ಯಾವುದೆಂದು ಹೇಳುತ್ತದೆ. ಎಫ್‌ಎಂ ಮತ್ತು ಡಿಜಿಟಲ್ ಪಿ25 ಫೇಸ್ 1 ರೇಡಿಯೋಗಳ ತರಂಗದ ಎತ್ತರ ಬದಲಾಗದು, ಆದ್ದರಿಂದ ಒತ್ತಿದಾಗ ಒಂದು ಧಡ್, ಬಿಟ್ಟಾಗ ಒಂದು ಧಡ್, ನಡುವೆ ಮೌನ. ಡಿಎಂಆರ್‌ನಂಥ, ಸಮಯ ಹಂಚಿಕೊಂಡು ಕಳಿಸುವ ಟಿಡಿಎಂಎ ಡಿಜಿಟಲ್ ರೇಡಿಯೋ 60 ಮಿಲಿಸೆಕೆಂಡಿಗೊಮ್ಮೆ ಹೊತ್ತಿ ಆರುತ್ತದೆ, ಹಾಗಾಗಿ ಸೆಕೆಂಡಿಗೆ 16ರಿಂದ 17 ಬಾರಿ ಬಡಬಡ ಎನ್ನುವ ಸದ್ದು. ಮಾತೋ ಹಾಡೋ ಸ್ಪಷ್ಟವಾಗಿ ಕೇಳಿದರೆ ಹತ್ತಿರದಲ್ಲಿ ಎಎಂ ಪ್ರಸಾರ ಗೋಪುರವಿದೆ.

ತರಂಗ ಒಳಗೆ ಬರುವ ದಾರಿ ಇನ್‌ಪುಟ್ ಕೇಬಲ್ಲೋ ಸ್ಪೀಕರ್ ಲೈನೋ ಎಂದು ಮೊದಲು ತಿಳಿಯಿರಿ. ಶಾರ್ಟಿಂಗ್ ಪ್ಲಗ್ ಹಾಕಿ ಟ್ರಕ್ ರೇಡಿಯೋವನ್ನು ಕ್ಷಣಕಾಲ ಒತ್ತಿಸಿ, ಡಿಸ್ಪ್ಯಾಚ್‌ನ ಅನುಮತಿ ಪಡೆದು. ಧಡ್ ನಿಂತರೆ ಇನ್‌ಪುಟ್. ಉಳಿದರೆ ಸ್ಪೀಕರ್ ಲೈನ್ ಆಂಟೆನಾದಂತೆ ಹೀರಿ ಆಂಪ್‌ನ ಫೀಡ್‌ಬ್ಯಾಕ್ ದಾರಿಯಿಂದ ಒಳಗೆ ತಳ್ಳುತ್ತಿದೆ.

ಇನ್‌ಪುಟ್‌ಗೆ ಹಾಕುವ ಕೆಪಾಸಿಟರ್ ವಿಷಯದಲ್ಲಿ ದೊಡ್ಡದು ಒಳ್ಳೆಯದು ಎಂಬ ಲೆಕ್ಕ ನಡೆಯದು. 1,000 ಪಿಕೋಫ್ಯಾರಡ್ ಸೆರಾಮಿಕ್‌ನ ಕಾಲುಗಳು ಸೆಂಟಿಮೀಟರಿನಷ್ಟು ಉದ್ದ ಇದ್ದರೆ ಅವುಗಳ ಇಂಡಕ್ಟೆನ್ಸ್ ಸುಮಾರು 10 ನ್ಯಾನೋಹೆನ್ರಿ, ಎರಡೂ ಸೇರಿ 50 ಮೆಗಾಹರ್ಟ್ಸ್‌ನಲ್ಲೇ ರೆಸೊನೆನ್ಸ್ ಮುಗಿಸುತ್ತವೆ. 154ಕ್ಕೆ ಬರುವ ಹೊತ್ತಿಗೆ ಅದು ಕೆಪಾಸಿಟರ್ ಅಲ್ಲ, ಸುರುಳಿ. ಅದೇ ಕಾಲುಗಳ 100 ಪಿಕೋಫ್ಯಾರಡ್ ರೆಸೊನೇಟ್ ಆಗುವುದು 159 ಮೆಗಾಹರ್ಟ್ಸ್‌ನಲ್ಲಿ, ನಮಗೆ ಬೇಕಾದ ಜಾಗಕ್ಕೆ ಹೆಚ್ಚುಕಡಿಮೆ ಸರಿಯಾಗಿ. ಆದ್ದರಿಂದ ಸಿಗ್ನಲ್ ಟರ್ಮಿನಲ್‌ನಿಂದ ಚಾಸಿಗೆ ಸಿ0ಜಿ ದರ್ಜೆಯ 100 ಪಿಕೋಫ್ಯಾರಡ್ ಸೆರಾಮಿಕ್ ಒಂದು, ಪಕ್ಕದಲ್ಲೇ ಕೆಳ ಬ್ಯಾಂಡ್‌ಗಳಿಗೆ 1,000 ಒಂದು. ಆಡಿಯೋಗೆ ಇವು ಕಾಣುವುದೇ ಇಲ್ಲ, 3 ಕಿಲೋಹರ್ಟ್ಸ್‌ನಲ್ಲಿ 1,000 ಪಿಕೋಫ್ಯಾರಡ್ ಎಂದರೆ 53 ಕಿಲೋಓಮ್.

ಷೀಲ್ಡ್ ಎಲ್ಲಿ ಕೊನೆಯಾಗುತ್ತದೆ ಎಂಬುದನ್ನೂ ನೋಡಿ. ಅದು ಚಾಸಿಗೆ ಸೇರದೆ ಸರ್ಕ್ಯೂಟ್ ಬೋರ್ಡಿನ ಗ್ರೌಂಡ್‌ಗೆ ಸೇರಿದ್ದರೆ ಷೀಲ್ಡ್ ಹಿಡಿದ ಎಲ್ಲ ಕೊಳೆಯೂ ಬೋರ್ಡಿನ ಮೇಲೆ ಹರಿಯುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ 'ಪಿನ್ 1 ಸಮಸ್ಯೆ' ಎಂದು ತೋರಿಸಿಕೊಟ್ಟದ್ದು ಇದನ್ನೇ. ಷೀಲ್ಡನ್ನು ಟರ್ಮಿನಲ್‌ನಿಂದ ಕಿತ್ತು, ಆಂಪ್‌ನ ಪೆಟ್ಟಿಗೆಯ ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು, ಕಿರುಬೆರಳಿನ ಅಗಲಕ್ಕಿಂತ ಗಿಡ್ಡ ತಂತಿಯಲ್ಲಿ ಸ್ಕ್ರೂಗೆ ಬಿಗಿದು ಮತ್ತೆ ಕೇಳಿ.

ಸ್ಪೀಕರ್ ಲೈನ್‌ನ ದಾರಿಯಾದರೆ ಫೆರೈಟ್. ವಿಎಚ್‌ಎಫ್‌ಗೆ 43 ಅಥವಾ 31 ಮಿಶ್ರಣ, ಎರಡೂ ತಂತಿಗಳನ್ನು ಒಟ್ಟಿಗೆ ಸೇರಿಸಿ, ಆಂಪ್ ಟರ್ಮಿನಲ್‌ಗೆ ಅಂಟಿದಂತೆ. ಒಂದು ಮಣಿಗೆ ಒಂದೆರಡು ಸುತ್ತು, ಬೇಕಾದರೆ ಇನ್ನೆರಡು ಮಣಿ. ಸುತ್ತು ಹೆಚ್ಚಾದರೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಆ ಎತ್ತರದ ಕಂಪನಾಂಕಕ್ಕೆ ಕಳ್ಳದಾರಿ ಮಾಡಿಕೊಡುತ್ತದೆ. ಎಎಂ ಪ್ರಸಾರಕ್ಕೆ ಲೆಕ್ಕ ತಿರುವುಮುರುವು: ಅಲ್ಲಿ ಇಂಪಿಡೆನ್ಸ್ ಸುತ್ತಿನ ವರ್ಗಕ್ಕೆ ತಕ್ಕಂತೆ ಏರಬೇಕು, ದೊಡ್ಡ ಉಂಗುರಕ್ಕೆ 31 ಮಿಶ್ರಣದಲ್ಲಿ ಹತ್ತು ಸುತ್ತಾದರೂ ಬೇಕು, ಒಂದು ಸ್ನ್ಯಾಪ್ ಮಣಿ ಅಲಂಕಾರಕ್ಕಷ್ಟೇ. ಕ್ಲಾಸ್ ಡಿ ಆಂಪ್ ಆಗಿದ್ದರೆ ಔಟ್‌ಪುಟ್‌ಗೆ ಕೆಪಾಸಿಟರ್ ಹಾಕಬೇಡಿ.

ಟಪ್

ಡಿಕೋಡರ್ ರಿಲೇ ಬಿಟ್ಟಾಗ ಬರುವ ಟಪ್‌ಗೆ ಎರಡು ಮೂಲ. ದೀಪದ ಕಾಂಟ್ಯಾಕ್ಟರ್‌ನ ಸುರುಳಿ ಕಡಿದಾಗ ಚಿಮ್ಮುವ ವೋಲ್ಟೇಜ್ ಒಂದು. ಡಿಸಿ ಸುರುಳಿಯಾದರೆ ಅದರ ಮೇಲೆ 1ಎನ್4007 ಡಯೋಡ್, ಪಟ್ಟಿಯಿರುವ ತುದಿ ಪ್ಲಸ್ ಕಡೆಗೆ. 120 ವೋಲ್ಟ್ ಎಸಿ ಸುರುಳಿಯಾದರೆ ಡಯೋಡ್ ಬೇಡವೇ ಬೇಡ, 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಸರಣಿಯಾಗಿ ಸುರುಳಿಗೆ ಅಡ್ಡ. ಎರಡನೆಯದು ಆಡಿಯೋ ತಂತಿಯನ್ನೇ ರಿಲೇ ಕಡಿಯುವಂತಿದ್ದರೆ ಎರಡು ಬದಿಯ ಡಿಸಿ ಮಟ್ಟ ಬೇರೆಯಾಗಿರುವುದು. ಸಂಪರ್ಕದ ಎರಡೂ ಬದಿಯಿಂದ ಗ್ರೌಂಡ್‌ಗೆ 100 ಕಿಲೋಓಮ್ ಒಂದೊಂದು ಹಾಕಿದರೆ ಎರಡೂ ಸೊನ್ನೆಯಲ್ಲೇ ಕಾಯುತ್ತವೆ.

ಮಟ್ಟ, ಮತ್ತು ಕೊನೆಗೆ ಮ್ಯೂಟ್

ಇಷ್ಟಾದ ಮೇಲೆ ಗುಬ್ಬಿಗಳಿಗೆ ಕೈ ಹಾಕಿ. ರೇಡಿಯೋ ವಾಲ್ಯೂಮ್ ತೀರ ಕೆಳಗೆ, ಆಂಪ್ ತೀರ ಮೇಲೆ ಇದ್ದರೆ ಆಂಪ್‌ನ ಸ್ವಂತ ಹಿಸ್ಸೇ ಕೇಳುತ್ತದೆ. ಟೆಸ್ಟ್ ಪೇಜ್‌ನ 3 ಸೆಕೆಂಡ್ ಟೋನ್ ಏರಿಳಿತವಿಲ್ಲದ್ದು, ಅಳತೆಗೆ ಅದೇ ಆಧಾರ. ಆ ಟೋನ್ ಇರುವಾಗ ರೇಡಿಯೋ ಔಟ್‌ಪುಟ್ 2 ವೋಲ್ಟ್ ಆಗುವಂತೆ ವಾಲ್ಯೂಮ್ ಇಟ್ಟು ಗುಬ್ಬಿಗೆ ಗುರುತು ಹಾಕಿ, ಆಮೇಲೆ ಲೈನ್ 35 ವೋಲ್ಟ್ ಬರುವಂತೆ ಆಂಪ್ ಹೊಂದಿಸಿ. ಪೂರ್ಣ 70.7ಕ್ಕಿಂತ 6 ಡಿಬಿ ಕೆಳಗೆ ಎಂದಾಯಿತು, ಮಾತಿನ ಏರಿಗೆ ಜಾಗ ಉಳಿಯಿತು.

ಈಗ ಕರೆಯಿಲ್ಲದಾಗ, ಮ್ಯೂಟ್ ತೆಗೆದಿರುವಾಗಲೇ, ಲೈನ್ ಮೇಲಿನ ಎಸಿ ಅಳೆಯಿರಿ. 70 ಮಿಲಿವೋಲ್ಟ್ ಎಂದರೆ ಪೂರ್ಣ ಮಟ್ಟಕ್ಕಿಂತ 60 ಡಿಬಿ ಕೆಳಗೆ. 1 ವಾಟ್‌ಗೆ 1 ಮೀಟರ್‌ನಲ್ಲಿ 92 ಡಿಬಿ ಕೊಡುವ ಸ್ಪೀಕರ್‌ನಲ್ಲಿ ಅದು 32 ಡಿಬಿ, ನಿಶ್ಶಬ್ದ ಮಲಗುವ ಕೋಣೆಯಲ್ಲಿ ಕೇಳಿಯೇ ಕೇಳುತ್ತದೆ. 22 ಮಿಲಿವೋಲ್ಟ್‌ಗೆ ಇಳಿದರೆ 22 ಡಿಬಿ, ನಿದ್ದೆಗೆ ಅಡ್ಡಿಯಿಲ್ಲ. ಗುರಿ ಅದೇ. ಟ್ಯಾಪನ್ನು 1ರಿಂದ ಅರ್ಧ ವಾಟ್‌ಗೆ ಇಳಿಸಿ ಗುರಿ ಮುಟ್ಟಲು ಹೋಗಬೇಡಿ, ಸದ್ದಿನೊಂದಿಗೆ ಕರೆಯೂ 3 ಡಿಬಿ ಇಳಿಯುತ್ತದೆ, ಎರಡರ ಅಂತರ ಇದ್ದಷ್ಟೇ ಇರುತ್ತದೆ.

ಈ ಅಂಕಿ ಬಂದ ಮೇಲೆ ಮಾತ್ರ ಮ್ಯೂಟ್ ಮರಳಿ ಜೋಡಿಸಿ. ಮೊದಲೇ ಜೋಡಿಸಿದರೆ ನಾಲ್ಕೂ ಸದ್ದು ಮರೆಯಾಗಿ, ಸರಿಯಾಗಿ ಕರೆಯ ಹೊತ್ತಿಗೆ, ವಿಳಾಸ ಹೇಳುವಾಗಲೇ ಹೊರಬರುತ್ತವೆ. ಮ್ಯೂಟ್‌ನ ರಿಲೇ ಕರೆಯಿಲ್ಲದಾಗ ಎಳೆದುಕೊಂಡಿದ್ದು, ಕರೆ ಬಂದಾಗ ಬಿಡುವಂತೆ ಜೋಡಿಸುವುದೂ ಮುಖ್ಯ. ಡಿಕೋಡರ್‌ನ ಕರೆಂಟ್ ಹೋದಾಗ ಆಂಪ್ ತೆರೆದುಕೊಳ್ಳುವಂತಿರಬೇಕು, ಮುಚ್ಚಿಕೊಳ್ಳುವಂತಲ್ಲ. ಡಿಕೋಡರ್‌ನ ಪ್ಲಗ್ ಕಿತ್ತು ಇದನ್ನು ಪರೀಕ್ಷಿಸಿ: ಚಾವಣಿಯಿಂದ ಡಿಸ್ಪ್ಯಾಚ್‌ನ ದಿನನಿತ್ಯದ ಮಾತುಕತೆ ಕೇಳಬೇಕು. ಕೇಳಿದ ಮೇಲೆ ಪ್ಲಗ್ ಸಿಕ್ಕಿಸಿ, ಬೇಯಲ್ಲಿ ಟ್ರಕ್ ಎಂಜಿನ್ ಓಡುತ್ತಿರುವಾಗ ಒಂದು, ದೀಪ ಆರಿಸಿ ಮಲಗುವ ಕೋಣೆಯ ಬಾಗಿಲು ಮುಚ್ಚಿ ಒಂದು ಟೆಸ್ಟ್ ಪೇಜ್ ಹಾಕಿಸಿ. ಷೀಲ್ಡ್ ಮತ್ತು ಚಾಸಿ ನಡುವಿನ ಮಿಲಿವೋಲ್ಟ್, ಲೈನ್ ಓಮ್, ಟೋನ್ ವೋಲ್ಟ್, ಸುಮ್ಮನಿರುವಾಗಿನ ಮಿಲಿವೋಲ್ಟ್, ಈ ನಾಲ್ಕು ಅಂಕಿಗಳನ್ನು ದಿನಾಂಕದೊಂದಿಗೆ ರ‍್ಯಾಕ್ ಬಾಗಿಲ ಒಳಗೆ ಅಂಟಿಸಿ, ಡಿಸ್ಪ್ಯಾಚ್‌ಗೆ ಫೋನ್ ಮಾಡಿ ಠಾಣೆ ಮತ್ತೆ ಸೇವೆಯಲ್ಲಿದೆ ಎಂದು ತಿಳಿಸಿ.